ಕುತ್ತಿಗೆ ಬಾಗದ ರೋಗಿಗೆ ಉಸಿರಿನ ಟ್ಯೂಬ್ ಹಾಕುವುದು ಹೇಗೆ?

"ಮೇಡಂ, ಕುತ್ತಿಗೆಗೆ ಕಾಲರ್ ಹಾಕಿಕೊಂಡು ಬಂದಿದ್ದಾರೆ. ಕುತ್ತಿಗೆ ಅಲುಗಾಡಿಸುವ ಹಾಗಿಲ್ಲ. ಟ್ಯೂಬ್ ಹೇಗೆ ಹಾಕಲಿ?" ಕ್ಯಾಜುವಾಲ್ಟಿ ಡ್ಯೂಟಿಗೆ ಹೊಸದಾಗಿ ಬಂದ ಡಾಕ್ಟರುಗಳು ಇದನ್ನೇ ಕೇಳುತ್ತಾರೆ. ಅರಿವಳಿಕೆಯಲ್ಲಿ ಪಿಜಿ ಮಾಡುತ್ತಿರುವವರೂ ಇದನ್ನೇ ಕೇಳುತ್ತಾರೆ. "ಬೆನ್ನು ಪೂರ್ತಿ ಬಿಗಿದುಕೊಂಡಿರುವ ಅಜ್ಜನಿಗೆ ನಾಳೆ ಆಪರೇಷನ್ ಇದೆ, ಏನೇನು ತೆಗೆದಿಡಬೇಕು?" ಎನ್ನುವುದು ಓಟಿ ಟೆಕ್ನಿಷಿಯನ್‌ಗಳ ಪ್ರಶ್ನೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಈ ಕೆಲಸ ಕಲಿತವರಿಗೆ, ಕಲಿಯುತ್ತಿರುವವರಿಗೆ ಬರೆದದ್ದು. ಇದನ್ನು ಓದಿ ಮೊದಲ ಸಲ ಒಬ್ಬರೇ ಪ್ರಯತ್ನಿಸಬೇಡಿ. ಸ್ಕೋಪ್, ಅಂದರೆ ಗಂಟಲಿನ ಒಳಗೆ ನೋಡುವ ಬಾಗುವ ನಳಿಕೆ, ಹಿಡಿದು ಅಭ್ಯಾಸವಿರುವ ಹಿರಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಔಷಧಿಯ ಪ್ರಮಾಣ ನಿಮ್ಮ ಆಸ್ಪತ್ರೆಯ ಪದ್ಧತಿಗೆ ತಕ್ಕಂತೆ ಇರಲಿ.

ಕುತ್ತಿಗೆ ಯಾಕಿಷ್ಟು ಮುಖ್ಯ?

ಇಂಟ್ಯುಬೇಷನ್ ಅಂದರೆ ಬಾಯಿಯಿಂದಲೋ ಮೂಗಿನಿಂದಲೋ ಶ್ವಾಸನಾಳದೊಳಗೆ ಟ್ಯೂಬ್ ಇಳಿಸುವುದು. ಸಾಮಾನ್ಯವಾಗಿ ತಲೆಯಡಿ ದಿಂಬು ಇಟ್ಟು, ಕುತ್ತಿಗೆಯನ್ನು ಸ್ವಲ್ಪ ಮುಂದಕ್ಕೆ ತಂದು, ತಲೆಯನ್ನು ಹಿಂದಕ್ಕೆ ಬಾಗಿಸುತ್ತೇವೆ. ಆಗ ನಮ್ಮ ಕಣ್ಣಿಗೂ ಧ್ವನಿತಂತುಗಳಿಗೂ ನಡುವೆ ಹೆಚ್ಚುಕಡಿಮೆ ನೇರ ದಾರಿ ಸಿಗುತ್ತದೆ. ತಲೆ ಹೀಗೆ ಹಿಂದಕ್ಕೆ ಬಾಗುವುದು ಬಹುಪಾಲು ಕುತ್ತಿಗೆಯ ಮೇಲ್ತುದಿಯಲ್ಲಿ, ತಲೆಬುರುಡೆ ಮತ್ತು ಮೊದಲ ಮೂಳೆ ಸೇರುವ ಕಡೆ. ಆರೋಗ್ಯವಂತರಲ್ಲಿ ಆ ಕೀಲು ಸುಮಾರು 35 ಡಿಗ್ರಿ ಬಾಗುತ್ತದೆ. ಅದು ಬಾಗದಿದ್ದರೆ ನೇರ ದಾರಿ ಸಿಗುವುದಿಲ್ಲ. ನಾಲಿಗೆ ಎತ್ತಿ ಗಂಟಲು ನೋಡುವ ಲ್ಯಾರಿಂಗೋಸ್ಕೋಪ್ ಎನ್ನುವ ಸಾಧನದಿಂದ ಎಷ್ಟು ಎತ್ತಿದರೂ ನಾಲಿಗೆಯ ಬುಡವೇ ಕಾಣುತ್ತದೆ.

ಹಂತ 1: ಬಾಗದ ಕುತ್ತಿಗೆಯೋ, ಬಾಗಿಸಬಾರದ ಕುತ್ತಿಗೆಯೋ?

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಅಪಾಯ ಮಾತ್ರ ಬೇರೆ ಬೇರೆ.

ಬಾಗದ ಕುತ್ತಿಗೆಯಲ್ಲಿ ಕೀಲೋ ಚರ್ಮವೋ ಬಿಗಿದುಕೊಂಡಿರುತ್ತದೆ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದು ಎಕ್ಸ್-ರೇಯಲ್ಲಿ ಬಿದಿರಿನ ಗಳದಂತೆ ಕಾಣುವ ಕಾಯಿಲೆ ಅದು. ಸುಟ್ಟ ಗಾಯ ಮಾಗಿ ಗದ್ದವೇ ಎದೆಗೆ ಅಂಟಿಕೊಂಡಿರುವವರು, ಕುತ್ತಿಗೆಗೆ ರೇಡಿಯೇಷನ್ ಆದವರು, ಕುತ್ತಿಗೆಯ ಮೂಳೆಗೆ ರಾಡ್ ಹಾಕಿಸಿಕೊಂಡವರು, ಹುಟ್ಟಿನಿಂದಲೇ ಮೂಳೆ ಬೆಸೆದುಕೊಂಡಿರುವ ಕ್ಲಿಪೆಲ್-ಫೈಲ್ ಮಕ್ಕಳು ಕೂಡ ಈ ಗುಂಪಿಗೆ ಸೇರುತ್ತಾರೆ. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದಲೂ ಕೀಲು ಬಿಗಿಯುತ್ತದೆ. ಕೈಮುಗಿಯಲು ಹೇಳಿ ನೋಡಿ. ಅಂಗೈಗಳು ಪೂರ್ತಿ ಕೂಡದೆ ನಡುವೆ ಸಂದಿ ಉಳಿದರೆ ಕುತ್ತಿಗೆಯ ಕೀಲೂ ಹಾಗೇ ಇರಬಹುದು. ಇವರೆಲ್ಲರಲ್ಲಿ ಇರುವ ಮುಖ್ಯ ಅಪಾಯ ಟ್ಯೂಬ್ ಹಾಕಲು ಆಗದೇ ಹೋಗುವುದು.

ಬಾಗಿಸಬಾರದ ಕುತ್ತಿಗೆಯಲ್ಲಿ ಮೂಳೆ ಮುರಿದಿರಬಹುದು, ಜಾರಿರಬಹುದು. ಬೈಕ್ ಅಪಘಾತವಾದವರು, ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದವರು, ಕುತ್ತಿಗೆಯ ಮೂಳೆಗೆ ಕ್ಷಯ ತಗುಲಿದವರು, ಬಹಳ ಕಾಲದ ರುಮಟಾಯ್ಡ್ ಸಂಧಿವಾತ ಇರುವವರು, ಡೌನ್ ಸಿಂಡ್ರೋಮ್ ಇರುವ ಕೆಲವರು. ಇಲ್ಲಿ ಬೆನ್ನುಹುರಿಗೆ ಪೆಟ್ಟಾಗುವ ಭಯವಿದೆ.

ರುಮಟಾಯ್ಡ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಅವರಲ್ಲಿ ಮೊದಲ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲಾಗಿರುತ್ತದೆ. ಸಾಮಾನ್ಯವಾಗಿ ಮೊದಲ ಮೂಳೆ ಮುಂದಕ್ಕೆ ಜಾರುತ್ತದೆ. ತಲೆಯನ್ನು ಮುಂದಕ್ಕೆ ಬಗ್ಗಿಸಿದರೆ ಜಾರುವುದು ಹೆಚ್ಚಾಗುತ್ತದೆ. ನಾವು ಒಳ್ಳೆಯದಕ್ಕೆಂದು ಇಡುವ ದಪ್ಪ ದಿಂಬೇ ಅವರಿಗೆ ಕೆಟ್ಟದ್ದು ಮಾಡಬಹುದು. ಪಕ್ಕದಿಂದ ತೆಗೆದ ಎಕ್ಸ್-ರೇಯಲ್ಲಿ ಆ ಎರಡು ಮೂಳೆಗಳ ನಡುವಿನ ಸಂದಿ ದೊಡ್ಡವರಲ್ಲಿ 3 ಮಿಲಿಮೀಟರ್ ದಾಟಿದ್ದರೆ ಜಾರಿದೆ ಎಂದೇ ತಿಳಿಯಿರಿ. ಧ್ವನಿ ಒಡೆದಿದ್ದರೆ ಧ್ವನಿಪೆಟ್ಟಿಗೆಯ ಪುಟ್ಟ ಕೀಲುಗಳಿಗೂ ಕಾಯಿಲೆ ಹಬ್ಬಿರಬಹುದು. ಒಂದು ಸೈಜ್ ಸಣ್ಣ ಟ್ಯೂಬ್ ತೆಗೆದಿಡಿ.

ಇನ್ನು ಎರಡೂ ಒಟ್ಟಿಗೆ ಇರುವ ರೋಗಿ. ಬೆನ್ನು ಬಿದಿರಿನಂತಾದವರು ಬಚ್ಚಲಲ್ಲಿ ಜಾರಿ ಬಿದ್ದರೂ ಸಾಕು, ಬೆಸೆದ ಮೂಳೆ ಸೀಮೆಸುಣ್ಣದ ಕಡ್ಡಿಯ ಹಾಗೆ ಮುರಿಯಬಹುದು. ಅವರನ್ನು ಹಲಗೆಯ ಮೇಲೆ ಚಪ್ಪಟೆ ಮಲಗಿಸಿ, ಕುತ್ತಿಗೆ ನೇರ ಮಾಡಿ, ಕಾಲರ್ ಬಿಗಿದರೆ ಮುರಿದ ಜಾಗ ಬಾಯಿ ಬಿಡುತ್ತದೆ. ಬೀಳುವ ಮುಂಚೆ ಕುತ್ತಿಗೆ ಹೇಗೆ ಬಾಗಿತ್ತು ಎಂದು ಮನೆಯವರನ್ನು ಕೇಳಿ, ಅದೇ ಬಾಗಿಗೆ ದಿಂಬು ಕೊಟ್ಟು ಆಸರೆ ಮಾಡಿ.

ಹಂತ 2: ನೋಡಿ, ಅಳೆಯಿರಿ

ರೋಗಿಗೆ ಎಚ್ಚರವಿದ್ದರೆ ಇದಕ್ಕೆ 5 ನಿಮಿಷ ಸಾಕು. ಪೆಟ್ಟಾಗಿಲ್ಲ ಎಂದು ಖಚಿತವಿದ್ದರೆ ಮಾತ್ರ ಕುತ್ತಿಗೆ ಆಡಿಸಲು ಹೇಳಿ. "ಯಜಮಾನ್ರೇ, ಎಷ್ಟು ಆಗುತ್ತೋ ಅಷ್ಟೇ ತಲೆ ಹಿಂದಕ್ಕೆ ಹಾಕಿ, ಬಲವಂತ ಬೇಡ" ಅನ್ನಿ. ನಿಮ್ಮ ಕೈಯಿಂದ ಬಾಗಿಸಬೇಡಿ. ತಲೆ ಆಡಿಸಿದಾಗ ಕೈಗೆ ಜುಮ್ಮೆನ್ನುತ್ತದೆಯೇ, ಕರೆಂಟ್ ಹೊಡೆದ ಹಾಗೆ ಆಗುತ್ತದೆಯೇ ಎಂದು ಕೇಳಿ. ಹೌದು ಅಂದರೆ ಅಲ್ಲಿಗೇ ನಿಲ್ಲಿಸಿ.

ಬಾಯಿಯಲ್ಲಿ ಅವರದೇ 3 ಬೆರಳು ನಿಲ್ಲಬೇಕು. ಗುಟ್ಕಾ, ಅಡಿಕೆ ಜಗಿಯುವ ಚಟ ಇರುವ ಕೆಲವರಲ್ಲಿ ಕೆನ್ನೆಯ ಒಳಗಡೆ ಗಟ್ಟಿಯಾಗಿ ಬಾಯಿ 2 ಬೆರಳಷ್ಟೂ ತೆರೆಯುವುದಿಲ್ಲ. ಕುತ್ತಿಗೆಯೂ ಬಾಗದೆ ಬಾಯಿಯೂ ತೆರೆಯದಿದ್ದರೆ ದಾರಿ ಅರ್ಧ ಮುಚ್ಚಿತು ಎಂದೇ ಲೆಕ್ಕ. ಗದ್ದದಿಂದ ಗಂಟಲ ಗಂಟಿನವರೆಗೆ ಅಳೆಯಿರಿ. ತಲೆ ಹಿಂದಕ್ಕೆ ಹಾಕಿದಾಗ 6.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕಷ್ಟವಾಗಬಹುದು. ಗದ್ದದಿಂದ ಎದೆಮೂಳೆಯ ಮೇಲಂಚಿಗೆ 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೂ ಅಷ್ಟೇ.

ಆಮೇಲೆ ಜನ ಸಾಮಾನ್ಯವಾಗಿ ಮರೆಯುವ ಪರೀಕ್ಷೆ. ಕತ್ತಿನ ಮುಂಭಾಗಕ್ಕೆ ನಿಮ್ಮ ಬೆರಳು ತಲುಪುತ್ತದೆಯೇ? ಗಂಟಲ ಗಂಟಿನ ಕೆಳಗೆ ಒಂದು ತೆಳು ಪೊರೆ ಇದೆ, ಕ್ರೈಕೋಥೈರಾಯ್ಡ್ ಪೊರೆ. ಯಾವ ದಾರಿಯೂ ಕೆಲಸ ಮಾಡದಿದ್ದಾಗ ಅಲ್ಲೇ ಕೊಯ್ದು ಉಸಿರು ಕೊಡುವುದು. ಗದ್ದ ಎದೆಗೆ ಕೂತಿರುವವರಲ್ಲಿ ಆ ಪೊರೆ ಕೈಗೇ ಸಿಗುವುದಿಲ್ಲ. ಕೊನೆಯ ದಾರಿ ಇಲ್ಲ ಎಂದು ಮೊದಲೇ ಗೊತ್ತಾದರೆ ನಿಮ್ಮ ಇಡೀ ಯೋಜನೆಯೇ ಬದಲಾಗಬೇಕು, ಅಲ್ವಾ? ಸಿಕ್ಕರೆ ಪೆನ್ನಿನಿಂದ ಗುರುತು ಹಾಕಿ. ಅಲ್ಟ್ರಾಸೌಂಡ್ ಇದ್ದರೆ ಅದರಲ್ಲೂ ನೋಡಿ.

ಕೈಕಾಲು ಎಷ್ಟು ಆಡಿಸುತ್ತಾರೆ, ಎಲ್ಲಿ ಸ್ಪರ್ಶ ಗೊತ್ತಾಗುತ್ತಿಲ್ಲ ಎನ್ನುವುದನ್ನು ಟ್ಯೂಬ್ ಹಾಕುವ ಮುಂಚೆಯೇ ಕೇಸ್ ಶೀಟಿನಲ್ಲಿ ಬರೆಯಿರಿ. ಆಮೇಲೆ ಬರೆದರೆ ಅದು ಮೊದಲೇ ಇತ್ತೋ ನಂತರ ಬಂತೋ ಯಾರಿಗೂ ಗೊತ್ತಾಗುವುದಿಲ್ಲ.

ಹಂತ 3: ಎಚ್ಚರವಿರುವಾಗಲೋ, ನಿದ್ರೆ ಬರಿಸಿಯೋ?

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕುತ್ತಿಗೆ ಗಟ್ಟಿಯಾಗಿ ಬಾಗದೇ ಇದ್ದು, ಆಪರೇಷನ್ ತುರ್ತಿನದ್ದಲ್ಲದೆ, ರೋಗಿ ಮಾತು ಕೇಳುವಂತಿದ್ದರೆ ಎಚ್ಚರವಿರುವಾಗಲೇ ಟ್ಯೂಬ್ ಹಾಕಿ. ಅವರು ತಾವೇ ಉಸಿರಾಡುತ್ತಿರುತ್ತಾರೆ. ಆಗದಿದ್ದರೆ ನಿಲ್ಲಿಸಿ ಯೋಚಿಸಲು ಸಮಯ ಇರುತ್ತದೆ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟ ಮೇಲೆ ಆ ಸಮಯ ಕೈತಪ್ಪುತ್ತದೆ.

ಪೆಟ್ಟಾಗಿ ಬಂದವರ ವಿಷಯ ಬೇರೆ. ರಕ್ತ, ವಾಂತಿ, ತಲೆಗೆ ಪೆಟ್ಟು, ಕೂಗಾಟ. ಇಂಥವರಿಗೆ ಎಚ್ಚರದಲ್ಲಿ ಹಾಕಲು ಹೋದರೆ ಅವರೇ ತಲೆ ಕೊಡವಿ ಕುತ್ತಿಗೆ ಆಡಿಸುತ್ತಾರೆ. ನಿದ್ರೆ ಬರಿಸಿ, ಒಬ್ಬರು ತಲೆ ಹಿಡಿದುಕೊಂಡು, ವಿಡಿಯೋ ಲ್ಯಾರಿಂಗೋಸ್ಕೋಪಿನಿಂದ ಹಾಕುವುದೇ ಇಲ್ಲಿ ಸರಿ.

"ಸುಗಮಡೆಕ್ಸ್ ಇದೆಯಲ್ಲ, ಆಗದಿದ್ದರೆ ಔಷಧಿ ಇಳಿಸಿಬಿಡೋಣ" ಎನ್ನುವ ಧೈರ್ಯ ಬೇಡ. ಸ್ನಾಯು ಸಡಿಲಿಸುವ ರೋಕುರೋನಿಯಂನ ಪರಿಣಾಮವನ್ನು ತೆಗೆಯುವ ಔಷಧಿ ಅದು. ರೋಕುರೋನಿಯಂ ಕೊಟ್ಟ ತಕ್ಷಣ ಇಳಿಸಲು ಸುಗಮಡೆಕ್ಸ್ ಕೆಜಿಗೆ 16 ಮಿಲಿಗ್ರಾಂ ಬೇಕು. 60 ಕೆಜಿಯವರಿಗೆ 960 ಮಿಲಿಗ್ರಾಂ. ಅಂದರೆ 200 ಮಿಲಿಗ್ರಾಂನ 5 ಶೀಷೆ. ಅಷ್ಟು ಕೈಯಲ್ಲಿದ್ದರೂ ಸ್ನಾಯುವಿನ ಶಕ್ತಿ ಮಾತ್ರ ವಾಪಸ್ ಬರುತ್ತದೆ. ಊದಿಕೊಂಡ ಗಂಟಲು ತೆರೆಯುವುದಿಲ್ಲ.

ಹಾಗೇ, "ಕಾಲಿನ ಆಪರೇಷನ್ ತಾನೇ, ಬೆನ್ನಿಗೆ ಇಂಜೆಕ್ಷನ್ ಕೊಟ್ಟರಾಯಿತು" ಎಂದು ನಿಶ್ಚಿಂತರಾಗಬೇಡಿ. ಬಿದಿರಿನಂತಾದ ಬೆನ್ನಿಗೆ ಸೂಜಿ ಹೋಗುವುದೇ ಕಷ್ಟ. ಹೋದರೂ ಮಧ್ಯದಲ್ಲಿ ಉಸಿರಿನ ತೊಂದರೆ ಬಂದರೆ ಮತ್ತೆ ಇದೇ ಕುತ್ತಿಗೆ, ಅದೂ ಅವಸರದಲ್ಲಿ.

ಹಂತ 4: ಸಾಮಾನು ಮತ್ತು ಜನ

ಟ್ರೇನಲ್ಲಿ ಇರಬೇಕಾದದ್ದು: ಎರಡು ಸಕ್ಷನ್, ವಿಡಿಯೋ ಲ್ಯಾರಿಂಗೋಸ್ಕೋಪ್, ಬೂಜಿ, ಸ್ಟೈಲೆಟ್, 6ರಿಂದ 7.5ರವರೆಗಿನ ಟ್ಯೂಬ್‌ಗಳು, ಎರಡು ಸೈಜಿನ ಎಲ್‌ಎಂಎ ಇಲ್ಲವೇ ಐ-ಜೆಲ್, ಇದ್ದರೆ ಫೈಬರ್ ಸ್ಕೋಪ್, ಕ್ಯಾಪ್ನೋಗ್ರಾಫ್, 10ನೇ ನಂಬರ್ ಬ್ಲೇಡ್. ಬೂಜಿ ಎಂದರೆ ತುದಿ ಸ್ವಲ್ಪ ಬಾಗಿದ ಉದ್ದನೆ ಕಡ್ಡಿ. ಅದನ್ನು ಮೊದಲು ಶ್ವಾಸನಾಳಕ್ಕೆ ತೂರಿಸಿ ಅದರ ಮೇಲೆ ಟ್ಯೂಬ್ ಜಾರಿಸುತ್ತೇವೆ. ಸ್ಟೈಲೆಟ್ ಎಂದರೆ ಟ್ಯೂಬಿನೊಳಗೆ ಇಟ್ಟು ಅದಕ್ಕೆ ಬಾಗು ಕೊಡುವ ತಂತಿ. ಎಲ್‌ಎಂಎ ಮತ್ತು ಐ-ಜೆಲ್ ಶ್ವಾಸನಾಳದೊಳಗೆ ಹೋಗುವುದಿಲ್ಲ, ಗಂಟಲಲ್ಲೇ ಕೂತು ಉಸಿರಿಗೆ ದಾರಿ ಮಾಡುತ್ತವೆ. ಕ್ಯಾಪ್ನೋಗ್ರಾಫ್ ಎಂದರೆ ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೇ ಎಂದು ಗೆರೆ ಎಳೆದು ತೋರಿಸುವ ಯಂತ್ರ.

ಔಷಧಿಯಲ್ಲಿ ಒಂದು ದೊಡ್ಡ ಎಚ್ಚರಿಕೆ ಇದೆ. ಸುಕ್ಸಮೆಥೋನಿಯಂ, ನಾವೆಲ್ಲ ಸ್ಕೋಲಿನ್ ಎನ್ನುವ ಸ್ನಾಯು ಸಡಿಲಿಸುವ ಔಷಧಿಯನ್ನು, ಸುಟ್ಟು 24 ಗಂಟೆ ಕಳೆದವರಿಗೆ ಕೊಡಬೇಡಿ. ಬೆನ್ನುಹುರಿಗೆ ಪೆಟ್ಟಾಗಿ 2-3 ದಿನ ಕಳೆದವರಿಗೂ ಬೇಡ. ರಕ್ತದ ಪೊಟ್ಯಾಷಿಯಂ ಒಮ್ಮೆಗೇ ಏರಿ ಹೃದಯ ನಿಲ್ಲಬಹುದು. ಈ ಅಪಾಯ ತಿಂಗಳುಗಟ್ಟಲೆ ಇರುತ್ತದೆ. ಕುತ್ತಿಗೆ ಬಿಗಿದ ರೋಗಿಗಳಲ್ಲಿ ಎಷ್ಟೋ ಜನ ಈ ಎರಡು ಗುಂಪಿನವರೇ ಆಗಿರುತ್ತಾರೆ.

ಕುತ್ತಿಗೆಯಲ್ಲೇ ಬೆನ್ನುಹುರಿಗೆ ಪೆಟ್ಟಾಗಿದ್ದರೆ ಬಿಪಿ ಇಳಿದಿರುತ್ತದೆ, ನಾಡಿ ನಿಧಾನವಾಗಿರುತ್ತದೆ. ಗಂಟಲಲ್ಲಿ ಸಕ್ಷನ್ ಆಡಿಸಿದ ಮಾತ್ರಕ್ಕೇ ನಾಡಿ ನಿಂತುಬಿಡುವಷ್ಟು ಇಳಿಯಬಹುದು. ನಾಡಿ ಏರಿಸುವ ಆಟ್ರೊಪಿನ್ ಸಿರಿಂಜಿನಲ್ಲಿ ಎಳೆದಿಟ್ಟಿರಲಿ, ಬಿಪಿ ಏರಿಸುವ ಔಷಧಿಯೂ ಸಿದ್ಧವಿರಲಿ. ಬಿಪಿ ಬಿದ್ದರೆ ಪೆಟ್ಟಾದ ಬೆನ್ನುಹುರಿಗೆ ರಕ್ತ ಹೋಗುವುದಿಲ್ಲ. ಅದು ಎರಡನೇ ಪೆಟ್ಟು.

ಕನಿಷ್ಠ 4 ಜನ ಬೇಕು. ಟ್ಯೂಬ್ ಹಾಕುವವರು, ತಲೆ ಹಿಡಿಯುವವರು, ಔಷಧಿ ಕೊಡುವವರು, ಸಾಮಾನು ಕೈಗೆ ಕೊಡುವವರು. ಶುರು ಮಾಡುವ ಮುಂಚೆ ಜೋರಾಗಿ ಹೇಳಿ: "ಮೊದಲು ಇದು ಮಾಡುತ್ತೇವೆ. ಆಗದಿದ್ದರೆ ಐ-ಜೆಲ್. ಅದೂ ಆಗದಿದ್ದರೆ ಕತ್ತಿನಲ್ಲಿ ಕೊಯ್ಯುತ್ತೇವೆ, ಅದನ್ನು ಇವರು ಮಾಡುತ್ತಾರೆ." ಸುಮ್ನೆ ಮನಸ್ಸಿನಲ್ಲಿ ಇಟ್ಟುಕೊಂಡ ಯೋಜನೆ ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಹಂತ 5: ಮಲಗಿಸುವುದು, ಆಕ್ಸಿಜನ್

ಗಟ್ಟಿಯಾಗಿ ಬಾಗಿದ ಕುತ್ತಿಗೆಯವರನ್ನು ಎಚ್ಚರವಿರುವಾಗಲೇ ಅವರಿಗೆ ಹಿತವಾಗುವ ಹಾಗೆ ಕೂರಿಸಿ ಅಥವಾ ಮಲಗಿಸಿ. ತಲೆ ಮಂಚಕ್ಕೆ ತಾಗದೆ ಗಾಳಿಯಲ್ಲಿದ್ದರೆ ಆ ಸಂದಿಗೆಲ್ಲ ದಿಂಬು, ಮಡಿಚಿದ ಬೆಡ್‌ಶೀಟ್ ತುಂಬಿ. ನಿದ್ರೆ ಬಂದ ಮೇಲೆ ತಲೆ ತನ್ನ ಭಾರಕ್ಕೆ ಹಿಂದೆ ಜೋತುಬಿದ್ದರೆ ಬೆಸೆದ ಮೂಳೆ ಮುರಿಯುತ್ತದೆ. ಪೆಟ್ಟಾದವರಿಗೆ ತಲೆಯ ಕಡೆ ಎತ್ತರ ಬೇಕಿದ್ದರೆ ಮಂಚವನ್ನು ಮಧ್ಯಕ್ಕೆ ಮಡಿಸಬೇಡಿ. ಇಡೀ ಮಂಚವನ್ನೇ ಓರೆ ಮಾಡಿ.

ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. 3 ನಿಮಿಷ ಸಹಜವಾಗಿ ಉಸಿರಾಡಿಸಿ, ಇಲ್ಲವೇ ಒಂದು ನಿಮಿಷದಲ್ಲಿ 8 ಸಲ ಆಳವಾಗಿ. ಜೊತೆಗೆ ಮೂಗಿಗೆ ಒಂದು ಆಕ್ಸಿಜನ್ ನಳಿಕೆ ಹಾಕಿಡಿ. ಔಷಧಿ ಕೊಟ್ಟು ಉಸಿರು ನಿಂತ ಮೇಲೆ ಅದನ್ನು ನಿಮಿಷಕ್ಕೆ 15 ಲೀಟರಿಗೆ ಏರಿಸಿ, ಟ್ಯೂಬ್ ಹೋಗುವವರೆಗೆ ತೆಗೆಯಬೇಡಿ. ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ನಮ್ಮ ಆಸ್ಪತ್ರೆಗಳಿಗೆಂದೇ ಬರೆದದ್ದು ಅದು, ಗೋಡೆಗೆ ಅಂಟಿಸಿಡಿ.

ಹಂತ 6: ಬಾಗಿಸಬಾರದ ಕುತ್ತಿಗೆಗೆ ಟ್ಯೂಬ್

ಕಾಲರ್ ಹಾಕಿದ ಹಾಗೇ ಟ್ಯೂಬ್ ಹಾಕಲು ಹೋಗಬೇಡಿ. ಕಾಲರ್ ಇದ್ದರೆ ಬಾಯಿ ತೆರೆಯುವುದಿಲ್ಲ. ಅದರ ಮುಂಭಾಗ ಮಾತ್ರ ಬಿಚ್ಚಿ. ಬಿಚ್ಚುವ ಮುಂಚೆಯೇ ಸಹಾಯಕರು ತಲೆ ಹಿಡಿದಿರಬೇಕು.

ಹಿಡಿಯುವುದು ಹೀಗೆ: ಅವರು ತಲೆಯ ಪಕ್ಕದಲ್ಲಿ ಬಗ್ಗಿ ನಿಲ್ಲಬಹುದು, ಅಥವಾ ರೋಗಿಯ ಎದೆಯ ಕಡೆಯಿಂದ ಕೈ ಚಾಚಬಹುದು. ಎರಡೂ ಅಂಗೈಯಲ್ಲಿ ಕಿವಿಯ ಹಿಂದಿನ ಮೂಳೆ ಮತ್ತು ಹಿಂದಲೆ ಹಿಡಿಯಬೇಕು. ಎಳೆಯಬಾರದು. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಳೆಯುತ್ತಾರೆ. ಕಟ್ಟು ಹರಿದ ಕುತ್ತಿಗೆಯನ್ನು ಎಳೆದರೆ ಮೂಳೆಗಳು ದೂರವಾಗುತ್ತವೆ. ನೀವು ಲ್ಯಾರಿಂಗೋಸ್ಕೋಪ್ ಎತ್ತಿದಾಗ ತಲೆ ಯಾವ ಕಡೆ ಹೋಗಲು ನೋಡುತ್ತದೋ ಅದಕ್ಕೆ ಎದುರಾಗಿ ಅಷ್ಟೇ ಬಲ ಕೊಟ್ಟು ನಿಲ್ಲಿಸಬೇಕು, ಅಷ್ಟೇ. "ತಲೆ ಅಲುಗುತ್ತಿದೆ" ಎಂದು ಹೇಳುವ ಅಧಿಕಾರ ಅವರಿಗಿರಲಿ, ಅವರು ನರ್ಸ್ ಆಗಿರಲಿ, ಟೆಕ್ನಿಷಿಯನ್ ಆಗಿರಲಿ.

ಮಾಸ್ಕಿನಿಂದ ಉಸಿರು ಕೊಡುವಾಗಲೂ ತಲೆ ಹಿಡಿದೇ ಇರಬೇಕು. ಟ್ಯೂಬ್ ಹಾಕುವಾಗ ಮಾತ್ರ ಕುತ್ತಿಗೆ ಅಲುಗುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಗದ್ದ ಎತ್ತಿ, ದವಡೆ ಮುಂದಕ್ಕೆ ತಳ್ಳಿ ಮಾಸ್ಕ್ ಒತ್ತುವಾಗಲೂ ಅಷ್ಟೇ ಅಲುಗುತ್ತದೆ.

ನಿದ್ರೆಯ ಔಷಧಿ ಬಿಪಿ ನೋಡಿಕೊಂಡು ಕೊಡಿ. ಸ್ನಾಯು ಸಡಿಲಿಸಲು ರೋಕುರೋನಿಯಂ ಕೆಜಿಗೆ 1.2 ಮಿಲಿಗ್ರಾಂ. ಒಂದು ನಿಮಿಷ ಕಾಯಿರಿ. ಅರ್ಧ ಸಡಿಲಾದಾಗಲೇ ಬಾಯಿಗೆ ಬ್ಲೇಡ್ ಹಾಕಿದರೆ ರೋಗಿ ಕೆಮ್ಮುತ್ತಾರೆ. ಕೆಮ್ಮಿದರೆ ಕುತ್ತಿಗೆ ಕುಲುಕುತ್ತದೆ.

ತಲೆ ಹಿಡಿದಾಗ ನೋಟ ಕೆಡುತ್ತದೆ. ಅದು ನಿಮ್ಮ ತಪ್ಪಲ್ಲ. ಹಳೆಯ ಬ್ಲೇಡಿನಲ್ಲಿ ಧ್ವನಿತಂತು ಕಾಣದೆ ಎಪಿಗ್ಲಾಟಿಸ್, ಅಂದರೆ ಶ್ವಾಸನಾಳದ ಮುಚ್ಚಳ ಮಾತ್ರ ಕಾಣುವುದು ಸಾಮಾನ್ಯ. ಅಷ್ಟು ಕಂಡರೆ ಸಾಕು, ಅದರ ಅಡಿಯಲ್ಲಿ ಬೂಜಿ ತೂರಿಸಿ. ಸರಿಯಾದ ದಾರಿಯಲ್ಲಿ ಹೋದರೆ ಶ್ವಾಸನಾಳದ ಉಂಗುರಗಳ ಮೇಲೆ ಅದು ಕಟಕಟ ಎಂದು ಜಾರುವುದು ಬೆರಳಿಗೆ ತಿಳಿಯುತ್ತದೆ. ಬೂಜಿ ಹೋಯಿತು ಎಂದು ಲ್ಯಾರಿಂಗೋಸ್ಕೋಪ್ ಹೊರತೆಗೆಯಬೇಡಿ. ಅದು ನಾಲಿಗೆ ಎತ್ತಿಕೊಂಡೇ ಇರಲಿ. ಟ್ಯೂಬ್ ತಡೆದರೆ ತಳ್ಳಬೇಡಿ. 2 ಸೆಂಟಿಮೀಟರ್ ಹಿಂದಕ್ಕೆ ಎಳೆದು, ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ತಿರುಗಿಸಿ ಮತ್ತೆ ಕಳಿಸಿ.

ವಿಡಿಯೋ ಲ್ಯಾರಿಂಗೋಸ್ಕೋಪಿನಲ್ಲಿ ಕ್ಯಾಮೆರಾ ಬ್ಲೇಡಿನ ತುದಿಯ ಹತ್ತಿರವೇ ಇರುವುದರಿಂದ ಕುತ್ತಿಗೆ ಬಾಗಿಸದೆ ತಿರುವಿನ ಆಚೆ ಕಾಣುತ್ತದೆ. "ಎಲ್ಲಾ ಚೆನ್ನಾಗಿ ಕಾಣ್ತಿದೆ, ಆದ್ರೆ ಟ್ಯೂಬ್ ಹೋಗ್ತಿಲ್ಲ" ಎನ್ನುವ ಗೋಳು ಇಲ್ಲೇ ಶುರುವಾಗುವುದು. ಜಾಸ್ತಿ ಬಾಗಿದ ಬ್ಲೇಡಿಗೆ ಅದೇ ಬಾಗಿನ ಸ್ಟೈಲೆಟ್ ಟ್ಯೂಬಿನೊಳಗೆ ಇರಬೇಕು. ಧ್ವನಿತಂತು ಪರದೆಯ ತುಂಬ ಬರುವ ಹಾಗೆ ಮಾಡಬೇಡಿ. ಬ್ಲೇಡನ್ನು ಸ್ವಲ್ಪ ಹಿಂದಕ್ಕೆ ಎಳೆದು, ಅರ್ಧದಷ್ಟು ಮಾತ್ರ ಕಾಣುವಂತೆ ಇಡಿ. ಟ್ಯೂಬ್ ತಿರುಗಲು ಜಾಗ ಸಿಗುತ್ತದೆ. ಟ್ಯೂಬ್ ಬಾಯಿಗೆ ಹೋಗುವಾಗ ಕಣ್ಣು ಬಾಯಿಯ ಮೇಲಿರಲಿ. ಆಗ ಪರದೆ ನೋಡುತ್ತಿದ್ದರೆ ಅಂಗುಳು ಹರಿಯುತ್ತದೆ.

ಇನ್ನೊಂದು ಮಾತು. ಇಷ್ಟು ಎಚ್ಚರಿಕೆಯಿಂದ ಮಾಡಿದಾಗ ಟ್ಯೂಬ್ ಹಾಕುವುದರಿಂದಲೇ ಬೆನ್ನುಹುರಿ ಹಾಳಾಗುವುದು ಬಹಳ ಅಪರೂಪ. ಆಕ್ಸಿಜನ್ ಇಲ್ಲದೆ ಸಾಯುವುದು ಅಪರೂಪವಲ್ಲ. ಏನೂ ಕಾಣದೆ ಆಕ್ಸಿಜನ್ ಇಳಿಯುತ್ತಿದ್ದರೆ ತಲೆ ಹಿಡಿದವರಿಗೆ ಹಿಡಿತ ಸ್ವಲ್ಪ ಸಡಿಲಿಸಲು ಹೇಳಿ. ಕುತ್ತಿಗೆಗೆ ಹೆದರಿ ಉಸಿರನ್ನು ಮರೆಯಬೇಡಿ.

ಹಂತ 7: ಬಾಗದ ಕುತ್ತಿಗೆಗೆ, ಎಚ್ಚರದಲ್ಲೇ ಟ್ಯೂಬ್

ಸ್ಕೋಪಿನಿಂದ ಟ್ಯೂಬ್ ಹಾಕುವ ಈ ವಿಧಾನ ಹುಟ್ಟಿದ್ದೇ ಇಂಥ ರೋಗಿಗಾಗಿ. 1967ರಲ್ಲಿ ಬ್ರಿಟನ್ನಿನ ಡಾಕ್ಟರ್ ಪೀಟರ್ ಮರ್ಫಿ ಅವರು ಸ್ಟಿಲ್ಸ್ ಕಾಯಿಲೆ, ಅಂದರೆ ಚಿಕ್ಕ ವಯಸ್ಸಿನಲ್ಲಿ ಬರುವ ಸಂಧಿವಾತ ಇದ್ದ ರೋಗಿಗೆ ಪಿತ್ತನಾಳ ನೋಡುವ ಸ್ಕೋಪನ್ನೇ ಬಳಸಿ ಮೂಗಿನಿಂದ ಟ್ಯೂಬ್ ಹಾಕಿದರು.

ಮೊದಲು ಮಾತು. "ಅಜ್ಜಾ, ನಿಮ್ಮ ಕುತ್ತಿಗೆ ಬಗ್ಗಲ್ಲ, ಅದಕ್ಕೇ ನಿದ್ರೆಗೆ ಮುಂಚೆ ಗಂಟಲು ಮರಗಟ್ಟಿಸಿ ಸಣ್ಣ ಪೈಪ್ ಹಾಕ್ತೀವಿ. ನೋವಾಗಲ್ಲ, ಕೆಮ್ಮು ಬರಬಹುದು. ಪೈಪ್ ಒಳಗೆ ಹೋದಾಗ ಮಾತಾಡೋಕೆ ಆಗಲ್ಲ, ಹೆದರಬೇಡಿ, ಕೂಡಲೇ ನಿದ್ರೆ ಬರಿಸ್ತೀವಿ. ಸಾಕು ಅನ್ನಿಸಿದ್ರೆ ಎಡಗೈ ಎತ್ತಿ." ಇಷ್ಟು ಹೇಳಲು 2 ನಿಮಿಷ ಬೇಕು. ಅರ್ಧ ನಿದ್ರೆಯ ಔಷಧಿ ಇದರಲ್ಲೇ ಉಳಿಯುತ್ತದೆ. ಮಾತು ಬೇಡವೆಂದು ನಿದ್ರೆಯ ಔಷಧಿಯನ್ನೇ ಜಾಸ್ತಿ ಕೊಟ್ಟರೆ ಉಸಿರು ನಿಲ್ಲುತ್ತದೆ. ಆಗ ಎಚ್ಚರದಲ್ಲಿ ಹಾಕುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಆಮೇಲೆ ಕ್ರಮ ಹೀಗಿರಲಿ:

1. ಗ್ಲೈಕೋಪೈರೊಲೇಟ್ 0.2 ಮಿಲಿಗ್ರಾಂ ಸ್ನಾಯುವಿಗೆ, ಮುಕ್ಕಾಲು ಗಂಟೆ ಮುಂಚೆ. ಜೊಲ್ಲು ಒಣಗಬೇಕು. ಜೊಲ್ಲಿದ್ದರೆ ಮರಗಟ್ಟಿಸುವ ಔಷಧಿ ತೊಳೆದುಹೋಗುತ್ತದೆ, ಸ್ಕೋಪಿನಲ್ಲೂ ಏನೂ ಕಾಣುವುದಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ಕೊಟ್ಟು 5 ನಿಮಿಷಕ್ಕೇ ಶುರು ಮಾಡುತ್ತಾರೆ.

2. ಯಾವ ಹೊಳ್ಳೆಯಲ್ಲಿ ಉಸಿರು ಸಲೀಸಾಗಿ ಆಡುತ್ತದೋ ಅದಕ್ಕೆ ಝೈಲೋಮೆಟಾಝೋಲಿನ್ ಹನಿ. ಮೂಗಿನ ರಕ್ತ ಬಂದರೆ ಕೆಲಸ ಕೆಟ್ಟಿತು. ತಲೆಬುರುಡೆಯ ತಳ ಮುರಿದಿರುವ ಅನುಮಾನವಿದ್ದರೆ ಮೂಗಿನ ಸಹವಾಸವೇ ಬೇಡ.

3. ಲಿಡೋಕೇನ್‌ನಿಂದ ಮೂಗು, ನಾಲಿಗೆಯ ಬುಡ, ಗಂಟಲು, ಧ್ವನಿತಂತುಗಳನ್ನು ಒಂದಾದ ಮೇಲೊಂದು ಮರಗಟ್ಟಿಸಿ. ಸ್ಪ್ರೇ, ನೆಬುಲೈಸರ್, ಸ್ಕೋಪಿನ ಕಾಲುವೆಯಿಂದ ಬಿಡುವುದು, ಯಾವುದಾದರೂ ಸರಿ. ಲೆಕ್ಕ ಮಾತ್ರ ಬಿಡಬೇಡಿ. 10 ಪರ್ಸೆಂಟ್ ಸ್ಪ್ರೇಯ ಒಂದು ಒತ್ತಿಗೆ 10 ಮಿಲಿಗ್ರಾಂ. 2 ಪರ್ಸೆಂಟ್‌ನ ಒಂದು ಎಂಎಲ್‌ಗೆ 20, 4 ಪರ್ಸೆಂಟ್‌ನದಕ್ಕೆ 40. ಎಲ್ಲಾ ಸೇರಿ ಕೆಜಿಗೆ 9 ಮಿಲಿಗ್ರಾಂ ದಾಟಬಾರದು, ಅದೂ ಬೊಜ್ಜು ಬಿಟ್ಟ ತೂಕಕ್ಕೆ. ಅದು ಹೊರಗಿನ ಗಡಿ, ಅಲ್ಲಿವರೆಗೆ ಹೋಗುವ ಅಗತ್ಯ ಬೀಳಬಾರದು. ಕೊಟ್ಟದ್ದನ್ನೆಲ್ಲ ಒಬ್ಬರು ಬರೆಯುತ್ತಾ ಹೋಗಲಿ. ಬಾಯಿ ಸುತ್ತ ಜುಮ್ಮೆಂದರೆ, ಕಿವಿ ಗುಂಯ್ ಎಂದರೆ, ಮಾತು ತೊದಲಿದರೆ ನಿಲ್ಲಿಸಿ. ಲಿಡೋಕೇನ್ ಹೆಚ್ಚಾಗಿ ವಿಷವಾದರೆ ಕೊಡುವ 20 ಪರ್ಸೆಂಟ್ ಲಿಪಿಡ್ ಬಾಟಲಿ ಓಟಿಯಲ್ಲೇ ಇರಲಿ.

4. ಮೂಗಿಗೆ ಆಕ್ಸಿಜನ್. ಆತಂಕ ಜಾಸ್ತಿ ಇದ್ದರೆ ಮಿಡಝೋಲಂ ಅರ್ಧದಿಂದ ಒಂದು ಮಿಲಿಗ್ರಾಂ. ಕರೆದರೆ ಓಗೊಡುವಂತಿರಬೇಕು.

5. ಮೃದುವಾದ ಕ್ಯಾಥೆಟರಿನಿಂದ ಗಂಟಲು ಮುಟ್ಟಿ ನೋಡಿ. ಓಕರಿಸಿದರೆ ಇನ್ನೂ ಮರಗಟ್ಟಿಲ್ಲ, ಕಾಯಿರಿ.

6. ಟ್ಯೂಬನ್ನು ಮೊದಲೇ ಸ್ಕೋಪಿಗೆ ಏರಿಸಿ. ರೋಗಿ ಕೂತಿದ್ದರೆ ಎದುರಿಗೆ ನಿಂತು ಮಾಡಿ, ಚಿತ್ರ ತಲೆಕೆಳಗಾಗಿ ಕಾಣುತ್ತದೆ ಎಂದು ನೆನಪಿರಲಿ. ಸ್ಕೋಪನ್ನು ನಡುಮಧ್ಯದಲ್ಲೇ ಇಟ್ಟುಕೊಳ್ಳಿ. ಬರೀ ಕೆಂಪು ಕಂಡರೆ ಗೋಡೆಗೆ ತಾಗಿದ್ದೀರಿ, ಕತ್ತಲೆಯ ಜಾಗ ಕಾಣುವವರೆಗೆ ಹಿಂದಕ್ಕೆ ಬನ್ನಿ. ನಾಲಿಗೆ ಹೊರಚಾಚಲು ಹೇಳಿದರೆ ದಾರಿ ತೆರೆಯುತ್ತದೆ.

7. ಉಂಗುರಗಳು, ಆಮೇಲೆ ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ ಕಂಡ ಮೇಲೆ ಟ್ಯೂಬ್ ಜಾರಿಸಿ. ತಡೆದರೆ ಮೇಲೆ ಹೇಳಿದ ಕಾಲು ಸುತ್ತು. ಸ್ಕೋಪ್ ಹೊರತೆಗೆಯುವಾಗ ಟ್ಯೂಬಿನ ತುದಿ ಕವಲಿಗಿಂತ 2-3 ಸೆಂಟಿಮೀಟರ್ ಮೇಲಿದೆಯೇ ನೋಡಿ.

8. ಕ್ಯಾಪ್ನೋಗ್ರಾಫಿನಲ್ಲಿ ಗೆರೆ ಬಂತೇ? ಕೈಕಾಲು ಆಡಿಸಲು ಹೇಳಿದರೆ ಆಡಿಸುತ್ತಾರೆಯೇ? ಎರಡೂ ಆದ ಮೇಲೆ ನಿದ್ರೆಯ ಔಷಧಿ. ಅದಕ್ಕೂ ಮುಂಚೆ ಬೇಡವೇ ಬೇಡ.

ಸ್ಕೋಪ್ ಇಲ್ಲದಿದ್ದರೆ, ಬಾಯಿ ಸಾಕಷ್ಟು ತೆರೆಯುವವರಿಗೆ ಇದೇ ರೀತಿ ಗಂಟಲು ಮರಗಟ್ಟಿಸಿ ವಿಡಿಯೋ ಲ್ಯಾರಿಂಗೋಸ್ಕೋಪಿನಿಂದಲೂ ಎಚ್ಚರದಲ್ಲೇ ಹಾಕಬಹುದು. ಕೈ ಪಳಗಿದವರಿಗೆ ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಸುಟ್ಟು ಕುತ್ತಿಗೆ ಅಂಟಿಕೊಂಡವರಿಗೆ ಇನ್ನೊಂದು ದಾರಿ ಇದೆ. ಅವರ ಕೀಲುಗಳು ಚೆನ್ನಾಗಿಯೇ ಇರುತ್ತವೆ, ಬಿಗಿದಿರುವುದು ಚರ್ಮ. ಸರ್ಜನ್ ಗಾಯದ ಪಟ್ಟಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ರೋಗಿ ತಾನೇ ಉಸಿರಾಡುತ್ತಿರುವಾಗಲೇ ಅದನ್ನು ಕೊಯ್ದು ಬಿಡಿಸಿದರೆ ತಲೆ ಹಿಂದಕ್ಕೆ ಬರುತ್ತದೆ. ಆಮೇಲೆ ಟ್ಯೂಬ್ ಹಾಕುವುದು ಸಲೀಸು. ನಿದ್ರೆ ಬರಿಸುವ ಮುಂಚೆ ಸರ್ಜನ್ ಕೈತೊಳೆದು ಸಿದ್ಧವಾಗಿ ನಿಂತಿರಬೇಕು.

ಹಂತ 8: ಆಗದಿದ್ದರೆ

ಪ್ರತಿ ಪ್ರಯತ್ನಕ್ಕೂ ಗಂಟಲು ಇನ್ನಷ್ಟು ಊದಿಕೊಳ್ಳುತ್ತದೆ. ನಿದ್ರೆ ಬರಿಸಿದ ರೋಗಿಯಲ್ಲಿ 3ಕ್ಕಿಂತ ಹೆಚ್ಚು ಸಲ ಬೇಡ. ನಡುವೆ ಮಾಸ್ಕಿನಿಂದ ಉಸಿರು ಕೊಟ್ಟು ರಕ್ತದ ಆಕ್ಸಿಜನ್ 95 ಪರ್ಸೆಂಟಿನ ಮೇಲೆ ಬಂದರೆ ಮಾತ್ರ ಮುಂದಿನ ಪ್ರಯತ್ನ. ಪ್ರತಿ ಸಲ ಏನಾದರೂ ಬದಲಿಸಿ: ಬ್ಲೇಡ್, ಬೂಜಿ, ಇಲ್ಲವೇ ಕೈ.

ಆಮೇಲೆ ಐ-ಜೆಲ್ ಅಥವಾ ಎಲ್‌ಎಂಎ. ಇವಕ್ಕೆ ಕುತ್ತಿಗೆ ಅಷ್ಟು ಬಾಗಬೇಕಿಲ್ಲ. ಆದರೆ ತಲೆ ತೀರಾ ಮುಂದಕ್ಕೆ ಬಾಗಿ ಗಟ್ಟಿಯಾಗಿದ್ದರೆ ಬಾಯಿಯಿಂದ ಗಂಟಲಿಗೆ ತಿರುಗುವ ಕಡೆ ಇವೂ ಸಿಕ್ಕಿಕೊಳ್ಳುತ್ತವೆ. ಕೂತರೆ ಉಸಿರು ಕೊಡಿ, ಅವಸರವಿಲ್ಲದಿದ್ದರೆ ರೋಗಿಯನ್ನು ಎಬ್ಬಿಸಿ.

ಯಾವುದರಿಂದಲೂ ಉಸಿರು ಹೋಗದಿದ್ದರೆ ಕೊಯ್ಯಲೇಬೇಕು. ಪೊರೆಯ ಮೇಲೆ ಅಡ್ಡಕ್ಕೆ ಚುಚ್ಚಿ, ಬ್ಲೇಡಿನ ಚೂಪು ಕಾಲಿನ ಕಡೆ ಬರುವ ಹಾಗೆ ತಿರುಗಿಸಿ, ಅದರ ಪಕ್ಕದಲ್ಲೇ ಬೂಜಿ ಇಳಿಸಿ, ಬೂಜಿಯ ಮೇಲೆ 6ನೇ ನಂಬರ್ ಟ್ಯೂಬ್. ಪೊರೆ ಕೈಗೆ ತಿಳಿಯದಿದ್ದರೆ ನಡುಮಧ್ಯದಲ್ಲಿ ಮೇಲಿಂದ ಕೆಳಗೆ 8-10 ಸೆಂಟಿಮೀಟರ್ ಚರ್ಮ ಕೊಯ್ದು, ಬೆರಳಿನಿಂದ ಬಿಡಿಸಿ ಹುಡುಕಿ. ಜೀವ ಹೋಗುವ ಹೊತ್ತಿನಲ್ಲಿ ಕುತ್ತಿಗೆ ಸ್ವಲ್ಪ ಅಲುಗಿದರೂ ನಿಲ್ಲಬೇಡಿ.

ಸ್ಕೋಪೂ ಇಲ್ಲದ, ವಿಡಿಯೋ ಲ್ಯಾರಿಂಗೋಸ್ಕೋಪೂ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಇದ್ದೀರಾ? ರೋಗಿ ಮಾತಾಡುತ್ತಿದ್ದರೆ, ಆಕ್ಸಿಜನ್ ಸರಿಯಿದ್ದರೆ, ಬರೀ "ಕಳಿಸುವಾಗ ಸೇಫ್ ಇರಲಿ" ಎಂದು ಟ್ಯೂಬ್ ಹಾಕಬೇಡಿ. ಆಕ್ಸಿಜನ್ ಕೊಟ್ಟು, ತಲೆಯ ಎರಡೂ ಬದಿ ಆಸರೆ ಇಟ್ಟು, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, "ಕುತ್ತಿಗೆ ಹೀಗಿದೆ, ಅರಿವಳಿಕೆ ತಜ್ಞರಿಗೆ ತಿಳಿಸಿ" ಎಂದು ಹೇಳಿ, 108ರಲ್ಲಿ ಕಳಿಸಿ. ಪ್ರಜ್ಞೆ ಇಲ್ಲದೆ ಗೊರಗೊರ ಎನ್ನುತ್ತಿದ್ದರೆ ಮಾತ್ರ ಕಾಯುವ ಹಾಗಿಲ್ಲ. ತಲೆ ಹಿಡಿಸಿ, ಸಾಧಾರಣ ಬ್ಲೇಡು ಮತ್ತು ಬೂಜಿಯಿಂದ ಹಾಕಿ. ಆಗದಿದ್ದರೆ ಐ-ಜೆಲ್ ಹಾಕಿ ಕಳಿಸುವುದರಲ್ಲಿ ಯಾವ ಅವಮಾನವೂ ಇಲ್ಲ.

ಹಂತ 9: ಟ್ಯೂಬ್ ಒಳಗೆ ಹೋದ ಮೇಲೆ, ತೆಗೆಯುವಾಗ

ಕ್ಯಾಪ್ನೋಗ್ರಾಫಿನಲ್ಲಿ ಗೆರೆ ಉಸಿರು ಉಸಿರಿಗೂ ಬರುತ್ತಲೇ ಇರಬೇಕು. ಚಪ್ಪಟೆ ಇದ್ದರೆ ಟ್ಯೂಬ್ ಅನ್ನನಾಳದಲ್ಲಿದೆ ಎಂದೇ ತಿಳಿಯಿರಿ. "ಎದೆ ಏಳ್ತಿದೆ, ಸದ್ದು ಕೇಳಿಸ್ತಿದೆ" ಎನ್ನುವುದನ್ನು ನಂಬಬೇಡಿ. ಕಾಲರಿನ ಮುಂಭಾಗ ವಾಪಸ್ ಹಾಕಿ. ಹಾಕುವವರೆಗೂ ತಲೆ ಹಿಡಿದವರು ಕೈ ಬಿಡಬಾರದು.

ತೆಗೆಯುವುದು ಹಾಕುವಷ್ಟೇ ಅಪಾಯದ್ದು. ಆಗ ಗಂಟಲು ಊದಿರುತ್ತದೆ, ಜನ ಚದುರಿರುತ್ತಾರೆ, ಸಾಮಾನು ಒಳಗೆ ಹೋಗಿರುತ್ತದೆ. ರೋಗಿ ಕಣ್ಣು ಬಿಟ್ಟು, ಹೇಳಿದ ಮಾತು ಕೇಳಿ, ಕೈ ಗಟ್ಟಿಯಾಗಿ ಹಿಡಿಯುವವರೆಗೆ ತೆಗೆಯಬೇಡಿ. ಕಫ್‌ನ, ಅಂದರೆ ಟ್ಯೂಬಿನ ತುದಿಯ ಹತ್ತಿರ ಊದಿಸುವ ಚೀಲದ, ಗಾಳಿ ಬಿಟ್ಟಾಗ ಟ್ಯೂಬಿನ ಸುತ್ತ ಉಸಿರು ಸೋರುವ ಸದ್ದು ಬರದಿದ್ದರೆ ಊತ ಇನ್ನೂ ಇದೆ, ಕಾಯಿರಿ. ಅನುಮಾನವಿದ್ದರೆ ರಾತ್ರಿಯಲ್ಲಿ ಬೇಡ. ಬೆಳಿಗ್ಗೆ ಎಲ್ಲರೂ ಇದ್ದಾಗ, ಟ್ಯೂಬ್ ಬದಲಿಸುವ ಕ್ಯಾಥೆಟರನ್ನು ಒಳಗೆ ಬಿಟ್ಟು ತೆಗೆಯಿರಿ. ಮತ್ತೆ ಹಾಕಬೇಕಾಗಿ ಬಂದರೆ ಅದೇ ದಾರಿ.

ಮನೆಗೆ ಕಳಿಸುವ ಮುಂಚೆ ಒಂದು ಚೀಟಿ ಬರೆದುಕೊಡಿ. ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷಿನಲ್ಲಿ ಇದ್ದರೂ, ಬೇರೆಯಾಗಿ ಕನ್ನಡದಲ್ಲೂ ಇರಲಿ: "ಇವರ ಕುತ್ತಿಗೆ ಹಿಂದಕ್ಕೆ ಬಾಗುವುದಿಲ್ಲ. ಬಾಯಿ 3 ಬೆರಳು ತೆರೆಯುತ್ತದೆ. ಎಚ್ಚರವಿರುವಾಗಲೇ, ಬಲ ಮೂಗಿನಿಂದ, ಸ್ಕೋಪ್ ಬಳಸಿ 6.5 ಟ್ಯೂಬ್ ಹಾಕಲಾಯಿತು. ಮಾಸ್ಕಿನಿಂದ ಉಸಿರು ಕೊಟ್ಟು ನೋಡಿಲ್ಲ." ತಾರೀಖು ಹಾಕಿ, ಸಹಿ ಮಾಡಿ. ಆಧಾರ್ ಕಾರ್ಡಿನ ಜೊತೆ ಒಂದೇ ಕವರಿನಲ್ಲಿ ಇಟ್ಟುಕೊಳ್ಳಲು ಹೇಳಿ. ಜೊತೆಯಲ್ಲಿ ಬಂದ ಮಗನಿಗೋ ಸೊಸೆಗೋ ಅದನ್ನು ಓದಿ ಹೇಳಿ, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಈ ಚೀಟಿ ತೋರಿಸಬೇಕು ಎಂದು ಅವರ ಬಾಯಿಂದಲೇ ಒಮ್ಮೆ ಹೇಳಿಸಿ.